ಹಿತ್ತಲಿನ ಹಣ್ಣಿನ ಮರಗಳಿಗೆ ಪ್ರಾಣಿಗಳ ಕಾಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹಿತ್ತಲಿನ ಮಾವು ಮತ್ತು ಸೀಬೆ ಮರಗಳಲ್ಲಿ ಕಾಯಿ ಬಲಿಯುವ ಹೊತ್ತಿಗೆ ಅರ್ಧ ತಿಂದ ಹಣ್ಣುಗಳು ಬುಡದಲ್ಲಿ ಬಿದ್ದಿರುತ್ತವೆ. ಅಳಿಲು, ಇಲಿ, ಬಾವಲಿಗಳಲ್ಲಿ ಯಾವುದರ ಕೆಲಸವೆಂದು ತಿಳಿಯುತ್ತಿಲ್ಲ. ಇಲಿಪಾಷಾಣ ಇಡಬಹುದೇ?

ಉತ್ತರ: ವಿಷವನ್ನು ದಯವಿಟ್ಟು ಇಡಬೇಡಿ. ಬ್ರೋಮಡಯೊಲೋನ್‌ನಂತಹ ಇಲಿಪಾಷಾಣಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆದು ಕೊಲ್ಲುತ್ತವೆ. ವಿಷ ತಿಂದ ಇಲಿ ಸಾಯಲು ಕೆಲವು ದಿನಗಳು ಹಿಡಿಯುವುದರಿಂದ, ಆ ನಡುವೆ ಅದನ್ನು ಹಿಡಿದು ತಿನ್ನುವ ಗೂಬೆ ಮತ್ತು ಬೆಕ್ಕುಗಳ ಮೈಗೂ ವಿಷ ಸೇರುತ್ತದೆ. ನಿಮ್ಮ ಹಣ್ಣು ತಿನ್ನುತ್ತಿರುವುದು ಬಾವಲಿಯೇ ಆಗಿದ್ದರಂತೂ ಇಷ್ಟೆಲ್ಲ ಕೇಡಿನಿಂದ ಒಂದು ಹಣ್ಣೂ ಉಳಿಯುವುದಿಲ್ಲ.

ಮೊದಲು ಹಾನಿ ನಡೆಯುವ ಹೊತ್ತನ್ನು ಪತ್ತೆಹಚ್ಚಿರಿ. ಕತ್ತಲಾಗುವ ಮುನ್ನ ಮರದ ಬುಡವನ್ನು ಗುಡಿಸಿಟ್ಟು, ಬೆಳಕು ಹರಿಯುವ ಮೊದಲೇ ಹೋಗಿ ನೋಡಿದರೆ, ಹೊಸದಾಗಿ ಬಿದ್ದ ಹಣ್ಣುಗಳು ರಾತ್ರಿ ಸಂಚರಿಸುವ ಇಲಿ ಅಥವಾ ಬಾವಲಿಯ ಕಡೆಗೆ ಬೆರಳು ತೋರಿಸುತ್ತವೆ; ಹಗಲಿನಲ್ಲಿ ಬಿದ್ದವು ಅಳಿಲು, ಕೋತಿ ಅಥವಾ ಹಕ್ಕಿಗಳವು. ಹಣ್ಣು ತಿನ್ನುವ ಬಾವಲಿ ತಿರುಳನ್ನು ಜಗಿದು ರಸ ಹೀರಿ ನಾರನ್ನು ಉಗುಳುತ್ತದೆ. ಹೀಗಾಗಿ ಮರದ ಕೆಳಗೆ ಜಗಿದ ನಾರಿನ ಸಣ್ಣ ಮುದ್ದೆಗಳು ಕಂಡರೆ ಅನುಮಾನವೇ ಬೇಡ. ಅಳಿಲು ಮತ್ತು ಇಲಿ ಕೊರೆದಲ್ಲಿ ಜೋಡಿ ಬಾಚಿಹಲ್ಲುಗಳ ಗೀರುಗಳಿರುತ್ತವೆ, ಇಲಿಯಾದರೆ ಆಸುಪಾಸಿನಲ್ಲಿ ಹಿಕ್ಕೆಯೂ ಸಿಗುತ್ತದೆ. ಹಕ್ಕಿ ಕುಕ್ಕಿದ ಗುಳಿ ಬಾಯಿಯಲ್ಲಿ ಅಗಲವಾಗಿ, ಒಳಗೆ ಹೋದಂತೆ ಕಿರಿದಾಗಿರುತ್ತದೆ.

ಹತ್ತಿ ಬರುವ ಪ್ರಾಣಿಯಾದರೆ ದಾರಿಯನ್ನು ಮುಚ್ಚಬಹುದು. ನೆಲದಿಂದ ಒಂದೂವರೆ, ಎರಡು ಮೀಟರ್ ಎತ್ತರದಲ್ಲಿ ಸುಮಾರು 60 ಸೆಂಟಿಮೀಟರ್ ಅಗಲದ ನುಣುಪಾದ ತಗಡನ್ನು ಕಾಂಡದ ಸುತ್ತ ಬಿಗಿಯಾಗದಂತೆ ಕಟ್ಟಿ, ಕಾಂಡ ದಪ್ಪವಾದಂತೆ ಅದನ್ನು ಸಡಿಲಿಸುತ್ತ ಬನ್ನಿ. ಗೋಡೆ, ಮಾಡು, ತಂತಿ ಅಥವಾ ಪಕ್ಕದ ಮರವನ್ನು ಮುಟ್ಟುವ ರೆಂಬೆಗಳನ್ನು ಎರಡೂವರೆ ಮೀಟರ್ ಅಂತರ ಉಳಿಯುವಂತೆ ಕತ್ತರಿಸದಿದ್ದರೆ ತಗಡಿನಿಂದ ಏನೂ ಪ್ರಯೋಜನವಾಗದು, ಏಕೆಂದರೆ ಅಳಿಲು ಆ ಕಡೆಯಿಂದ ಹಾರಿ ಬರುತ್ತದೆ. ಹಾರಿ ಬರುವ ಬಾವಲಿ ಮತ್ತು ಹಕ್ಕಿಗಳಿಗೆ ತಗಡು ಅಡ್ಡಿಯೇ ಅಲ್ಲ. ಅಲ್ಲಿ ಕೈಗೆಟಕುವ ಗೊಂಚಲುಗಳಿಗೆ ಬಟ್ಟೆಯ ಅಥವಾ ದಪ್ಪ ಕಾಗದದ ಚೀಲ ಕಟ್ಟುವುದೇ ಮೇಲು. ಇದರಿಂದ ಹಣ್ಣಿನ ನೊಣದ ಕಾಟವೂ ತಗ್ಗುತ್ತದೆ.

ಮಾವು, ಸಪೋಟ, ಬಾಳೆ, ಬೆಣ್ಣೆಹಣ್ಣುಗಳನ್ನು ಬಲಿತೊಡನೆ ಕೊಯ್ದು ಮನೆಯೊಳಗೆ ಹಣ್ಣಾಗಿಸಬಹುದು. ಮರದಲ್ಲಿ ಪರಿಮಳ ಹರಡುವ ಮೊದಲೇ ಕಾಯಿ ನಿಮ್ಮ ಕೈ ಸೇರುವುದರಿಂದ ಎಷ್ಟೋ ಮನೆಗಳಿಗೆ ಇಷ್ಟೇ ಸಾಕಾಗುತ್ತದೆ. ಕಿತ್ತಳೆ, ದಾಳಿಂಬೆ, ದ್ರಾಕ್ಷಿಗಳಿಗೆ ಈ ಉಪಾಯ ಒಗ್ಗದು, ಏಕೆಂದರೆ ಅವು ಕೊಯ್ದ ಮೇಲೆ ಸಿಹಿಯಾಗುವುದಿಲ್ಲ. ಪ್ರಾಣಿ ಕಚ್ಚಿದ ಹಣ್ಣಿನ ಉಳಿದ ಭಾಗವನ್ನು ಕತ್ತರಿಸಿ ತಿನ್ನುವ ರೂಢಿಯಿದ್ದರೆ ಇಂದೇ ಬಿಟ್ಟುಬಿಡಿ: 1998–99ರಲ್ಲಿ ಮಲೇಷ್ಯಾದಲ್ಲಿ ಮೊದಲು ಕಾಣಿಸಿಕೊಂಡ ನಿಪಾ ವೈರಾಣುವಿನ ಸಹಜ ನೆಲೆ ಹಣ್ಣು ತಿನ್ನುವ ಬಾವಲಿಗಳೇ. ಹಾಗೆಂದು ಬಾವಲಿಗಳನ್ನು ಕೊಲ್ಲಲು ಹೊರಡಬಾರದು. ಅನೇಕ ಮರಗಳ ಪರಾಗಸ್ಪರ್ಶ ಮತ್ತು ಬೀಜ ಪ್ರಸಾರ ಅವುಗಳಿಂದಲೇ ನಡೆಯುತ್ತದೆ.

ಪ್ರಶ್ನೆ: ಮರಕ್ಕೆ ಹೊದಿಸಿದ ನೈಲಾನ್ ಬಲೆಯಲ್ಲಿ ಹಕ್ಕಿಯೊಂದು ಸಿಕ್ಕಿ ಸತ್ತಿತು. ಬಲೆಯನ್ನೇ ಬಿಡಬೇಕೇ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ದೋಷವಿರುವುದು ಅಗಲ ಕಣ್ಣಿನ ತೆಳು ದಾರದ ಬಲೆಯನ್ನು ಸಡಿಲವಾಗಿ ಇಳಿಬಿಡುವುದರಲ್ಲಿ. ಅದರಲ್ಲಿ ಹಕ್ಕಿ, ಬಾವಲಿ, ಹಾವುಗಳು ಸಿಕ್ಕಿ ನರಳುತ್ತವೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರ ಸೆಪ್ಟೆಂಬರ್‌ನಿಂದ, ಮನೆಯ ಹಣ್ಣಿನ ಮರಗಳಿಗೆ ಹೊದಿಸುವ ಬಲೆಯನ್ನು ಪೂರ್ತಿ ಎಳೆದು ಹಿಡಿದಾಗಲೂ ಅದರ ಕಣ್ಣು 5 ಮಿಲಿಮೀಟರಿಗಿಂತ ದೊಡ್ಡದಿರಬಾರದೆಂಬ ನಿಯಮವಿದೆ. ನಿಮ್ಮ ಕಿರುಬೆರಳು ತೂರುವ ಬಲೆ ಬೇಡ. ಹೆಣೆದ, ಬಿಳಿಯ ಬಲೆಯನ್ನು ಆರಿಸಿ. ಅದು ರಾತ್ರಿಯೂ ಕಾಣಿಸುತ್ತದೆ. ಅದನ್ನು ಚೌಕಟ್ಟಿನ ಮೇಲೆ ಬಿಗಿಯಾಗಿ ಎಳೆದು, ಕೆಳ ಅಂಚನ್ನು ಕಾಂಡಕ್ಕೆ ಅಥವಾ ನೆಲಕ್ಕೆ ಭದ್ರಪಡಿಸಿ, ದಿನಕ್ಕೊಮ್ಮೆಯಾದರೂ ನೋಡಿ, ಕೊಯ್ಲು ಮುಗಿದ ಕೂಡಲೇ ತೆಗೆದಿಡಿ. ಹೂವಿನ ಕಾಲದಲ್ಲಿ ಹೊದಿಸಿದರೆ ಜೇನ್ನೊಣಗಳು ಒಳಹೋಗಲಾರವು, ಆದ್ದರಿಂದ ಕಾಯಿ ಕಚ್ಚುವ ತನಕ ಕಾಯಿರಿ.

ಪ್ರಶ್ನೆ: ಎಳೆಯ ಗಿಡದ ಬುಡದ ತೊಗಟೆಯನ್ನು ಇಲಿಗಳು ಸುತ್ತಲೂ ಕೆರೆದುಹಾಕಿವೆ. ಎಲೆಗಳು ಹಸಿರಾಗಿಯೇ ಇವೆ. ಗಿಡ ಉಳಿಯುವುದೇ?

ಉತ್ತರ: ಹಸಿರೆಲೆಗಳನ್ನು ನೋಡಿ ನೆಮ್ಮದಿ ತಾಳಬೇಡಿ. ಬೇರಿನಿಂದ ನೀರನ್ನು ಮೇಲಕ್ಕೊಯ್ಯುವುದು ಒಳಗಿನ ಕಟ್ಟಿಗೆ, ಎಲೆಯಲ್ಲಿ ತಯಾರಾದ ಆಹಾರವನ್ನು ಬೇರಿಗೆ ಇಳಿಸುವುದು ತೊಗಟೆಯ ಒಳಪದರ. ತೊಗಟೆ ಬಳೆಯಂತೆ ಪೂರ್ತಿ ಹೋಗಿದ್ದರೆ ಬೇರು ಹಸಿದು ಸಾಯುತ್ತದೆ, ಗಿಡ ಒಣಗುವುದು ಆಮೇಲೆ. ಸುತ್ತಳತೆಯ ಅರ್ಧಕ್ಕಿಂತ ಕಡಿಮೆ ಹಾನಿಯಾಗಿದ್ದರೆ, ಹರಿದ ಅಂಚನ್ನು ಶುಚಿಯಾದ ಚಾಕುವಿನಿಂದ ನೇರ್ಪಡಿಸಿದರೆ ಸಾಮಾನ್ಯವಾಗಿ ತಾನೇ ಕೂಡಿಕೊಳ್ಳುತ್ತದೆ. ಬಣ್ಣ ಬಳಿಯುವ ಅಗತ್ಯವಿಲ್ಲ. ಪೂರ್ತಿ ಸುತ್ತು ಹೋಗಿದ್ದರೆ ಸೇತುವೆ ಕಸಿ ಮಾಡಬೇಕು: ಅದೇ ಗಿಡದಿಂದ ಪೆನ್ಸಿಲಿನಷ್ಟು ದಪ್ಪದ ಕಡ್ಡಿಗಳನ್ನು ತೆಗೆದು, ಮೇಲ್ತುದಿ ಮೇಲಕ್ಕೇ ಇರುವಂತೆ, ಗಾಯದ ಮೇಲೂ ಕೆಳಗೂ ಇರುವ ತೊಗಟೆಯ ಒಳಗೆ ಅವುಗಳ ತುದಿಗಳನ್ನು ಸೇರಿಸಿ ಕಟ್ಟಬೇಕು. ಹೊಸ ಚಿಗುರಿನ ಕಾಲದಲ್ಲಿ ತೊಗಟೆ ಸುಲಭವಾಗಿ ಬಿಡುವುದರಿಂದ ಅದೇ ತಕ್ಕ ಸಮಯ. ನಿಮ್ಮದು ಮೊದಲೇ ಕಸಿ ಕಟ್ಟಿದ ಗಿಡವಾಗಿದ್ದರೆ, ಆ ಹಳೆಯ ಕಸಿಯ ಗಂಟಿನ ಕೆಳಗಿನಿಂದ ಬರುವ ಚಿಗುರು ಬೇರುಗಿಡದ್ದು, ಅಂದರೆ ಕಸಿ ಕಟ್ಟಲು ಆಧಾರವಾಗಿ ಬಳಸಿದ ಗಿಡದ್ದು. ಅದು ನಿಮ್ಮ ತಳಿಯ ಹಣ್ಣನ್ನು ಕೊಡುವುದಿಲ್ಲ.

ಉಳಿದ ಗಿಡಗಳಿಗೆ 6 ಮಿಲಿಮೀಟರ್ ಕಣ್ಣಿನ ತಂತಿಜಾಲರಿಯನ್ನು ಕಾಂಡಕ್ಕೆ ತಾಗದಂತೆ ಸುತ್ತಿ, ಅಂಚನ್ನು ಮಣ್ಣಿನಲ್ಲಿ ಹೂತಿಡಿ. ತರಗೆಲೆಯ ಹೊದಿಕೆ ಕಾಂಡಕ್ಕೆ ಒತ್ತಿಕೊಂಡಿದ್ದರೆ ಒಂದು ಗೇಣು ದೂರ ಸರಿಸಿ, ಇಲಿಗಳು ಅಡಗುವುದು ಅಲ್ಲೇ.

ಪ್ರಶ್ನೆ: ಮೆಣಸಿನ ನೀರು ಸಿಂಪಡಿಸಿದರೆ ಪ್ರಯೋಜನವಿದೆಯೇ?

ಉತ್ತರ: ಅಳಿಲು, ಇಲಿಗಳಿಗೆ ಸ್ವಲ್ಪ ದಿನ, ಮಳೆ ಬಂದರೆ ತೊಳೆದುಹೋಗುತ್ತದೆ. ಹಕ್ಕಿಗಳಿಗೆ ಮೆಣಸಿನ ಖಾರ ತಾಗುವುದೇ ಇಲ್ಲ.