ಚೀಟಿ ನಿಜವನ್ನೇ ಹೇಳಿದೆ

ಸಿಂಧನೂರಿನ ಓದುಗರೊಬ್ಬರು ಬರೆದಿದ್ದಾರೆ: ‘ನನ್ನ ತಮ್ಮನಿಗೆ 22 ವರ್ಷ. ಪೊಲೀಸ್ ನೇಮಕಾತಿಯಲ್ಲಿ ಎತ್ತರ ಸ್ವಲ್ಪದರಲ್ಲೇ ತಪ್ಪಿತು. ಜಿಮ್ಮಿನ ಗೆಳೆಯ ಬಿಳಿ ಪುಡಿಯ ಸಣ್ಣ ಬಾಟಲಿ ತಂದುಕೊಟ್ಟಿದ್ದಾನೆ. ಇಪಾಮೊರೆಲಿನ್ ಅಂತೆ. ಚುಚ್ಚಿಕೊಂಡರೆ ಬೆಳವಣಿಗೆಯ ಹಾರ್ಮೋನು ಜಾಸ್ತಿಯಾಗುತ್ತದಂತೆ. ಚೀಟಿಯ ಮೇಲೆ “ಸಂಶೋಧನೆಗೆ ಮಾತ್ರ” ಎಂದಿದೆ. ಹಾಗಾದರೆ ಔಷಧ ಅಂಗಡಿಯ ಮಾಲಿಗಿಂತ ಇದು ಶುದ್ಧ ಅಲ್ವಾ?’

ಅಲ್ಲ. ನಿಮ್ಮ ಕೊನೆಯ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಎಷ್ಟು ಜನ ಹೀಗೇ ಅಂದುಕೊಂಡಿದ್ದಾರೋ! ಆ ಚೀಟಿಯ ಅರ್ಥ ಇಷ್ಟೇ: ಇದು ಲ್ಯಾಬಿನ ಪುಡಿ, ಮನುಷ್ಯರಿಗೆ ಚುಚ್ಚಲು ತಯಾರಿಸಿದ್ದಲ್ಲ, ಚುಚ್ಚಿಕೊಂಡರೆ ಮಾರಿದವನು ಹೊಣೆಯಲ್ಲ.

ಲ್ಯಾಬಿನ ಕಥೆ ಮಾತ್ರ ಸೊಗಸಾಗಿದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಟುಲೇನ್ ವಿಶ್ವವಿದ್ಯಾಲಯದ ಸಿರಿಲ್ ಬೋವರ್ಸ್ ಮತ್ತು ಜೊತೆಗಾರರು, ದೇಹದಲ್ಲೇ ಇರುವ ನೋವು ತಗ್ಗಿಸುವ ಒಂದು ಸಣ್ಣ ಅಣುವನ್ನು ಅಲ್ಲಿಷ್ಟು ಇಲ್ಲಿಷ್ಟು ಬದಲಿಸುತ್ತಿದ್ದರು. ಹಾಗೆ ಹುಟ್ಟಿದ ಕೆಲವು ತುಣುಕುಗಳು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನು ಹೊರಡಿಸಿದವು. ಬರೀ 6 ಅಮೈನೋ ಆಮ್ಲಗಳ ಜಿಎಚ್‌ಆರ್‌ಪಿ-6 ಎಂಬ ತುಣುಕಿನ ಬಗ್ಗೆ 1984ರಲ್ಲಿ ವರದಿ ಬಂತು. ನಿಮ್ಮ ತಮ್ಮನ ಇಪಾಮೊರೆಲಿನ್ ಕೂಡ ಈ ಗುಂಪಿನದೇ. ಆದರೆ ಈ ಬೀಗದ ಕೈ ಯಾವ ಬೀಗದ್ದು? ಬೀಗ, ಅಂದರೆ ಜೀವಕೋಶದ ಮೇಲೆ ಈ ತುಣುಕು ಹೋಗಿ ಕೂರುವ ಜಾಗ, ಸಿಕ್ಕಿದ್ದು 1996ರಲ್ಲಿ. ದೇಹವೇ ಮಾಡಿಕೊಳ್ಳುವ ಅಸಲಿ ಕೈ 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಅವರಿಗೆ ಸಿಕ್ಕಿತು, ಅದೂ ಇಲಿಯ ಹೊಟ್ಟೆಯಲ್ಲಿ! ಅದೇ ಗ್ರೆಲಿನ್. ಹಸಿವು ಕೆರಳಿಸುವುದೂ ಅದೇ.

ಇನ್ನು ಎತ್ತರದ ಮಾತು. ಎಡದಂಡೆ ಕಾಲುವೆಯ ಊರಿನವರು ನೀವು, ಬೇಗ ತಿಳಿಯುತ್ತದೆ. ಈ ಪುಡಿ ನೀರಲ್ಲ, ಗೇಟು ಎತ್ತುವ ಕೈ. ದೇಹ ಈ ಹಾರ್ಮೋನನ್ನು ಒಂದೇ ಸಮನೆ ಹರಿಸುವುದಿಲ್ಲ. ಅಲೆ ಅಲೆಯಾಗಿ ಬಿಡುತ್ತದೆ, ಹೆಚ್ಚಾಗಿ ಗಾಢ ನಿದ್ದೆಯಲ್ಲಿ. ಗೇಟು ಇಳಿಸಲು ಸೊಮಾಟೊಸ್ಟಾಟಿನ್ ಎಂಬ ಇನ್ನೊಂದು ಹಾರ್ಮೋನಿದೆ. ನಿಮ್ಮ ತಮ್ಮ ಗೇಟು ಎತ್ತಿಸಿದ ಅಂತಲೇ ಇಟ್ಟುಕೊಳ್ಳಿ. ನೀರು ಯಾವ ಹೊಲಕ್ಕೆ? ಉದ್ದ ಮೂಳೆಗಳ ತುದಿಯ ಮೆದು ಭಾಗ ಹರೆಯ ಮುಗಿಯುವಷ್ಟರಲ್ಲಿ ಗಟ್ಟಿಯಾಗಿಬಿಡುತ್ತದೆ. ಎತ್ತರದ ತೂಬು ಅಲ್ಲಿಗೆ ಮುಚ್ಚಿತು. ಈ ಹಾರ್ಮೋನು ವರ್ಷಗಟ್ಟಲೆ ಮಿತಿಮೀರಿದ ದೊಡ್ಡವರಲ್ಲಿ ಕೈ, ಪಾದ, ದವಡೆ ದಪ್ಪವಾಗುತ್ತವೆ, ಸಕ್ಕರೆ ಕಾಯಿಲೆಯೂ ಬರಬಹುದು. ಎತ್ತರ ಒಂದಿಂಚೂ ಏರುವುದಿಲ್ಲ.

ಇದೇ ಗುಂಪಿನ ಮ್ಯಾಸಿಮೊರೆಲಿನ್‌ಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ನಿಜ. ಅದು ದೊಡ್ಡವರಲ್ಲಿ ಹಾರ್ಮೋನಿನ ಕೊರತೆ ಪತ್ತೆಮಾಡುವ ಪರೀಕ್ಷೆಗೆ ಅಷ್ಟೇ. ಇಪಾಮೊರೆಲಿನ್‌ಗೆ ಅಲ್ಲಿ ಆ ಒಪ್ಪಿಗೆಯೂ ಇಲ್ಲ. ಕ್ರೀಡೆಯಲ್ಲಿ ಇವೆಲ್ಲ ನಿಷೇಧಿತ. ನಿಮ್ಮ ತಮ್ಮ ಕಬಡ್ಡಿ, ಕುಸ್ತಿ ಅಂತ ಓಡಾಡುವವನಾದರೆ ಅವನಿಗೆ ಅದನ್ನೂ ಹೇಳಿ.

ಬಾಟಲಿ ಎಸೆಯುವ ಮೊದಲು, ಎಷ್ಟು ಸಲ ಚುಚ್ಚಿಕೊಂಡಿದ್ದಾನೆ ಅಂತ ಕೇಳಿ. ಒಂದು ಸಲವಾದರೂ ಆಗಿದ್ದರೆ ಬಾಟಲಿ ಸಮೇತ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬೈಯುವುದು ಆಮೇಲೆ.