ಹೆಸರು ಬೇಡ ಅಂದಿರಲ್ಲ, ಮೇಷ್ಟ್ರೇ

ಓದುಗರ ಪತ್ರ: "ವೇಶ್ಯಾವಾಟಿಕೆಯನ್ನು ಯಾವ ಕಾಲದಲ್ಲೂ ಯಾರಿಗೂ ನಿಲ್ಲಿಸಲು ಆಗಿಲ್ಲ. ಕದ್ದುಮುಚ್ಚಿ ನಡೆಯುವ ಬದಲು ಕಾನೂನುಬದ್ಧ ಮಾಡಿಬಿಡಲಿ. ಊರಾಚೆ ಒಂದು ಜಾಗ, ಪ್ರತಿಯೊಬ್ಬಳಿಗೂ ಲೈಸೆನ್ಸ್, ತಿಂಗಳಿಗೊಮ್ಮೆ ಡಾಕ್ಟರ್ ತಪಾಸಣೆ, ಸರ್ಕಾರಕ್ಕೆ ತೆರಿಗೆ. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳೂ ಸುರಕ್ಷಿತವಾಗಿರುತ್ತಾರೆ. ನಿಮ್ಮ ಪತ್ರಿಕೆ ಧೈರ್ಯವಾಗಿ ಬರೆಯಬಾರದೇಕೆ? (ದಯವಿಟ್ಟು ನನ್ನ ಹೆಸರು ಹಾಕಬೇಡಿ.)" - ಒಬ್ಬ ನಿವೃತ್ತ ಶಿಕ್ಷಕ

ಸಂಪಾದಕರ ಉತ್ತರ:

ಮೇಷ್ಟ್ರೇ, ಈ ವಿಷಯ ಬಂದರೆ ಮೂಗು ಮುಚ್ಚಿಕೊಳ್ಳುವವರೇ ಜಾಸ್ತಿ. ನೀವು ಪೆನ್ನು ಹಿಡಿದಿರಿ. ಸಂತೋಷ. ಕೈಬರಹವೂ ಮುದ್ದಾಗಿದೆ. ಆದರೆ ನನ್ನ ಕಣ್ಣು ನಿಂತದ್ದು ಕೊನೆಯ ಆವರಣದಲ್ಲಿ. ನಿಮ್ಮ ಹೆಸರು ಬರಬಾರದು. ಸುಮ್ನೆ ಒಂದು ಪತ್ರ ಬರೆದದ್ದಕ್ಕೇ ನಾಲ್ಕು ಜನ ಏನಂದುಕೊಂಡಾರೋ ಅಂತ ಅಳುಕು. ಆ ಕೆಲಸ ಮಾಡುವವಳ ಹೆಸರು, ಫೋಟೊ, ವಿಳಾಸ ಮಾತ್ರ ಸರ್ಕಾರಿ ರಿಜಿಸ್ಟರಿನಲ್ಲಿ ಇರಬೇಕು, ಅಲ್ವಾ?

ನಿಮ್ಮ ಸಲಹೆ ಹೊಸದೇನಲ್ಲ. 1864ರಲ್ಲೇ ಬ್ರಿಟನ್ ಇದನ್ನು ಮಾಡಿ ನೋಡಿತು. ಸೈನಿಕರಲ್ಲಿ ಗುಪ್ತರೋಗ ಹೆಚ್ಚಿತ್ತು. ದಂಡು ಇದ್ದ ಊರುಗಳಲ್ಲಿ, ಬಂದರುಗಳಲ್ಲಿ ಪೊಲೀಸರಿಗೆ ಯಾವ ಹೆಂಗಸಿನ ಮೇಲೆ ಅನುಮಾನ ಬಂದರೂ ಸಾಕು, ಅವಳ ಹೆಸರು ಬರೆದುಕೊಳ್ಳಬಹುದಿತ್ತು, ತಪಾಸಣೆಗೆ ಕಳಿಸಬಹುದಿತ್ತು. ಒಪ್ಪದಿದ್ದರೆ ಜೈಲು. 1868ರಲ್ಲಿ ಅದೇ ಕಾನೂನು ಭಾರತಕ್ಕೂ ಬಂತು. ಸೈನಿಕರಿಗೆ ಅಂಥ ತಪಾಸಣೆ ಏಕಿಲ್ಲ ಅಂತ ಕೇಳಿದವರಿಗೆ 1871ರ ರಾಯಲ್ ಕಮಿಷನ್, ಅಂದರೆ ಬ್ರಿಟನ್ನಿನ ಸರ್ಕಾರಿ ವಿಚಾರಣಾ ಆಯೋಗ, ಒಂದು ಉತ್ತರ ಕೊಟ್ಟಿತು. ಇಬ್ಬರನ್ನೂ ಹೋಲಿಸುವ ಹಾಗೇ ಇಲ್ಲವಂತೆ. ಹೆಂಗಸು ದುಡ್ಡಿಗಾಗಿ ಮಾಡುತ್ತಾಳೆ, ಗಂಡಸಿನದು ಸಹಜ ಬಯಕೆ. ಅದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿದ್ದೆ. ಬ್ರಿಟನ್ನಿನ ಸಮಾಜ ಸುಧಾರಕಿ ಜೋಸೆಫಿನ್ ಬಟ್ಲರ್ ಮತ್ತು ಅವರ ಜೊತೆಗಾರ್ತಿಯರು ಬೈಗುಳ ತಿಂದು, ಕಲ್ಲೇಟು ತಿಂದು ಹೋರಾಡಿದರು. ಬ್ರಿಟನ್ನಿನಲ್ಲಿ ಕಾನೂನು ರದ್ದಾಗಲು 1886 ಆಯಿತು.

ಈಗ ನಿಮ್ಮ ತಿಂಗಳ ತಪಾಸಣೆ ನೋಡಿ. ಅಮೆರಿಕದ ನೆವಾಡಾದ ಕೆಲವು ಕೌಂಟಿಗಳಲ್ಲಿ ಲೈಸೆನ್ಸ್ ಇರುವ ವೇಶ್ಯಾಗೃಹಗಳಿವೆ. ಅಲ್ಲಿ ಹೆಂಗಸರಿಗೆ ವಾರ ವಾರ ಪರೀಕ್ಷೆ. ಗಿರಾಕಿಗೆ ಇಲ್ಲ. ರೋಗ ಯಾವ ಬಾಗಿಲಿನಿಂದ ಒಳಗೆ ಬಂತು ಅಂತ ಯಾರೂ ಕೇಳುವುದಿಲ್ಲ.

ಜರ್ಮನಿ 2002ರಲ್ಲಿ ಕಾನೂನುಬದ್ಧ ಮಾಡಿತು. 2017ರಿಂದ ಎಲ್ಲರೂ ನೋಂದಣಿ ಮಾಡಿಸಿ, ಜೊತೆಗೆ ಗುರುತಿನ ಚೀಟಿ ಇಟ್ಟುಕೊಳ್ಳಿ ಅಂದಿತು. ಇಷ್ಟು ವರ್ಷವಾದರೂ ನೋಂದಣಿಯಾದವರು ಸುಮಾರು 30 ಸಾವಿರ. ಹೊರಗೆ ಉಳಿದವರು ಅದರ ಹಲವು ಪಟ್ಟು ಅಂತ ಅಲ್ಲಿನವರೇ ಹೇಳುತ್ತಾರೆ. ಏಕೆ ಬರಲಿಲ್ಲ? ನೀವು ಪತ್ರದ ಕೊನೆಗೆ ಹೆಸರು ಬೇಡ ಅಂತ ಏಕೆ ಬರೆದಿರೋ, ಅದೇ ಕಾರಣಕ್ಕೆ.

ಕಾನೂನುಬದ್ಧ ಮಾಡುವುದು ಬೇರೆ. ಅಪರಾಧ ಅನ್ನುವ ಹಣೆಪಟ್ಟಿ ಕಿತ್ತುಹಾಕುವುದು ಬೇರೆ. ಈ ಎರಡನ್ನೂ ಒಂದೇ ಅಂದುಕೊಂಡು ಟೀವಿಯಲ್ಲಿ ಗಂಟೆಗಟ್ಟಲೆ ಕಿರುಚಾಡುವವರನ್ನು ಕಂಡರೆ ನನಗೆ ರೇಗುತ್ತದೆ. ಮೊದಲನೆಯದರಲ್ಲಿ ಸರ್ಕಾರವೇ ದೊಡ್ಡ ಘರವಾಲಿಯಾಗಿ, ಅಂದರೆ ವೇಶ್ಯಾಗೃಹ ನಡೆಸುವವಳಾಗಿ, ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತದೆ. ಎರಡನೆಯದರಲ್ಲಿ ಪೊಲೀಸ್ ಅವಳ ಬಾಗಿಲಿನಿಂದ ಆಚೆ ಸರಿಯುತ್ತಾನೆ. ಅವಳೇ ಕರೆದರೆ ಮಾತ್ರ ಬರುತ್ತಾನೆ.

ನ್ಯೂಜಿಲೆಂಡ್ 2003ರಲ್ಲಿ ಈ ಎರಡನೆಯದನ್ನು ಮಾಡಿತು. ಮಸೂದೆಯ ಪರ 60 ಮತ, ವಿರುದ್ಧ 59, ಒಬ್ಬರು ತಟಸ್ಥ. ಆ ಸದನದಲ್ಲಿ ಜಾರ್ಜಿನಾ ಬೇಯರ್ ಇದ್ದರು. ಟ್ರಾನ್ಸ್‌ಜೆಂಡರ್ ಮಹಿಳೆ, ಹಿಂದೆ ಇದೇ ಕೆಲಸ ಮಾಡಿದವರು. ತನ್ನ ಮೇಲೆ ಅತ್ಯಾಚಾರವಾದಾಗ, 'ಹೌದು, ನಾನು ವೇಶ್ಯೆ, ಆದರೂ ಇದು ತಪ್ಪು' ಅಂತ ಪೊಲೀಸರ ಹತ್ತಿರ ಹೋಗಿ ಹೇಳುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು ಅಂದರು. ಅಲ್ಲೀಗ ನಾಲ್ಕು ಜನರವರೆಗೆ ಹೆಂಗಸರು ಸೇರಿ ಸಮಾನವಾಗಿ ಕೆಲಸ ಮಾಡಿದರೆ ಲೈಸೆನ್ಸೂ ಬೇಡ, ಮಾಲೀಕನೂ ಬೇಡ. 2014ರಲ್ಲಿ ಒಬ್ಬಳು ವೇಶ್ಯಾಗೃಹದ ಮಾಲೀಕ ಲೈಂಗಿಕ ಕಿರುಕುಳ ಕೊಟ್ಟ ಅಂತ ಮಾನವ ಹಕ್ಕು ನ್ಯಾಯಮಂಡಳಿಗೆ ಹೋದಳು. 25,000 ಡಾಲರ್ ಪರಿಹಾರ ಸಿಕ್ಕಿತು. ಈ ಸುದ್ದಿ ಓದಿ ನಮ್ಮ ಆಫೀಸಿನಲ್ಲೇ ಒಬ್ಬರು ನಕ್ಕರು. "ಅಲ್ಲಿ ಕಿರುಕುಳ ಅಂತ ಬೇರೆ ಇರುತ್ತಾ?" ಅಂತ. ಆ ನಗು ಬರುವ ಕಡೆಯಲ್ಲೆಲ್ಲ ಕಿರುಕುಳ ಆರಾಮಾಗಿ ನಡೆಯುತ್ತದೆ. ನ್ಯೂಜಿಲೆಂಡೇನೂ ಸ್ವರ್ಗವಲ್ಲ ಬಿಡಿ. ತಾತ್ಕಾಲಿಕ ವೀಸಾದಲ್ಲಿ ಬಂದವರಿಗೆ ಈ ರಕ್ಷಣೆಯ ಬಾಗಿಲು ಮುಚ್ಚಿದೆ. ಬಡವಳು, ಹೊರಗಿನವಳು ಅಂದರೆ ಎಲ್ಲ ಕಡೆಯೂ ಅಷ್ಟೇ.

ಸ್ವೀಡನ್ ದಾರಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. 1999ರಿಂದ ಅಲ್ಲಿ ಕೊಳ್ಳುವ ಗಂಡಸಿಗೆ ಶಿಕ್ಷೆ, ಹೆಂಗಸಿಗಿಲ್ಲ. ಬೀದಿ ವ್ಯವಹಾರ ತಗ್ಗಿತು ಅನ್ನುತ್ತಾರೆ. ಉದ್ದೇಶ ಒಳ್ಳೆಯದು, ಒಪ್ಪುತ್ತೇನೆ. ಬಲವಂತ, ಸಾಗಣೆ, ಮಕ್ಕಳನ್ನು ತಳ್ಳುವುದು ಇವಕ್ಕೆಲ್ಲ ಕಠಿಣ ಶಿಕ್ಷೆ ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ದಾರಿ ಹಿಡಿದ ನಾರ್ವೆಯಲ್ಲಿ ಏನಾಯಿತು? ಪೊಲೀಸರು ಮನೆ ಮಾಲೀಕರನ್ನು ಹೆದರಿಸಿ ಹೆಂಗಸರನ್ನು ಬೀದಿಗೆ ಹಾಕಿಸಿದರು. ಆ ಕಾರ್ಯಾಚರಣೆಗೆ ಇಟ್ಟ ಹೆಸರೇ 'ಮನೆಯಿಲ್ಲದವರು' ಅಂತ.

ಭಾರತದ 1956ರ ಕಾಯ್ದೆ ಇನ್ನೂ ವಿಚಿತ್ರ. ಒಬ್ಬಳೇ ಇದ್ದು ಈ ಕೆಲಸ ಮಾಡಿದರೆ ಅಪರಾಧವಲ್ಲ. ಇಬ್ಬರು ಹೆಂಗಸರು ಧೈರ್ಯಕ್ಕಿರಲಿ ಅಂತ ಒಂದೇ ಮನೆಯಲ್ಲಿದ್ದು ಕೆಲಸ ಮಾಡಿದರೆ ಅದು ವೇಶ್ಯಾಗೃಹ. 18 ತುಂಬಿದ ಮಗ ಅಮ್ಮನ ದುಡಿಮೆಯಲ್ಲಿ ಓದುತ್ತಿದ್ದರೆ ಅವನ ಮೇಲೂ ಕೇಸು ಹಾಕಬಹುದು. 2022ರಲ್ಲಿ ಸುಪ್ರೀಂ ಕೋರ್ಟ್, ಈ ವೃತ್ತಿಯಲ್ಲಿರುವವರ ಜೊತೆ ಗೌರವದಿಂದ ನಡೆದುಕೊಳ್ಳಿ ಅಂತ ಪೊಲೀಸರಿಗೆ ಹೇಳಿತು. ಕಾಯ್ದೆ ಮಾತ್ರ ಹಾಗೇ ಇದೆ.

ಮೇಷ್ಟ್ರೇ, ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪೊಲೀಸರ ಪ್ರಕಟಣೆ ನೋಡಿಕೊಂಡು "ವೇಶ್ಯಾವಾಟಿಕೆ ಜಾಲ ಭೇದನೆ, ಐವರು ಮಹಿಳೆಯರ ರಕ್ಷಣೆ" ಅಂತ ಶೀರ್ಷಿಕೆ ಕೊಟ್ಟೆ. ಫೋಟೊದಲ್ಲಿ ಹೆಂಗಸರು ಬಟ್ಟೆಯಿಂದ ಮುಖ ಮುಚ್ಚಿ ನೆಲದ ಮೇಲೆ ಕೂತಿದ್ದರು. ಸಾಹೇಬರು ಹಿಂದೆ ಎದೆ ಉಬ್ಬಿಸಿ ನಿಂತಿದ್ದರು. ಗಿರಾಕಿಗಳು ಫೋಟೊದಲ್ಲಿ ಇರಲಿಲ್ಲ. ಎಂಟು ತಿಂಗಳಾದ ಮೇಲೆ ಒಬ್ಬಳು ಆ ಪತ್ರಿಕೆಯ ತುಂಡು ಹಿಡಿದು ಆಫೀಸಿಗೆ ಬಂದಳು. ರಕ್ಷಣಾಗೃಹದ ಗೋಡೆ ಹಾರಿ ಬಂದಿದ್ದಳು. "ಇದರಲ್ಲಿ ರಕ್ಷಣೆ ಅಂತ ಬರೆದಿದ್ದೀರಿ. ಬೀಗ ಹಾಕಿದ್ದು ಯಾರಿಗೆ ಸಾರ್?" ಅಂದಳು. ನೀರು ಕೊಟ್ಟೆ. ಉತ್ತರ ಇರಲಿಲ್ಲ. ಆಮೇಲೆ ನನ್ನ ಕೈಯಿಂದ ಆ ಎರಡು ಪದ, ಜಾಲ ಭೇದನೆ ಮತ್ತು ರಕ್ಷಣೆ, ಒಟ್ಟಿಗೆ ಅಚ್ಚಾಗಿಲ್ಲ.

ನನಗೀಗ ಪಟ್ಟಿ ಅಂದರೇ ಆಗುವುದಿಲ್ಲ. ಬೀದಿಯಲ್ಲಿ ಮಾರುವವರು, ಭಿಕ್ಷೆ ಬೇಡುವವರು, ಊರು ಬಿಟ್ಟು ಬಂದ ಕೂಲಿಗಳು, ಯಾರನ್ನು ನೋಡಿದರೆ ನಮಗೆ ಇರಿಸುಮುರಿಸೋ ಅವರಿಗೆ ಮೊದಲು ಒಂದು ನಂಬರ್ ಕೊಡುತ್ತೇವೆ. ಸೌಲಭ್ಯ ಆಮೇಲೆ ಬರುತ್ತದಂತೆ. ಪಟ್ಟಿ ಮಾತ್ರ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ. ಅದರ ಮೇಲೆ ಮಾಮೂಲಿ ಹುಟ್ಟುತ್ತದೆ. ಮಗಳ ಮದುವೆ ಮಾತುಕತೆಯ ಹೊತ್ತಿಗೆ ಯಾರೋ ಅದನ್ನು ತೆಗೆದು ತೋರಿಸುತ್ತಾರೆ. ಆ ಕೆಲಸ ಬಿಟ್ಟು ಹತ್ತು ವರ್ಷವಾದವಳ ಹೆಸರನ್ನು ಅಳಿಸುವ ಗುಮಾಸ್ತನನ್ನು ನಾನಂತೂ ಕಂಡಿಲ್ಲ.

ಇನ್ನು ನಿಮ್ಮ "ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳ" ಮಾತು. ಅದನ್ನು ಇನ್ನೊಮ್ಮೆ ಓದಿ ನೋಡಿ. ಒಬ್ಬರ ಮಗಳನ್ನು ಕಾಯಲು ಇನ್ನೊಬ್ಬರ ಮಗಳನ್ನು ಊರಾಚೆ ಇಡುವ ಲೆಕ್ಕ ಅದು. ಎಷ್ಟೋ ಮಕ್ಕಳಿಗೆ ಅಕ್ಷರ ಕಲಿಸಿದ ಕೈ ನಿಮ್ಮದು. ಅವರಲ್ಲಿ ಒಬ್ಬಳು ಯಾವುದೋ ಕಷ್ಟಕ್ಕೆ ಈ ದಾರಿಗೆ ಬಂದಿದ್ದರೆ, ಅವಳಿಗೂ ಊರಾಚೆ ಜಾಗ ತೋರಿಸುತ್ತೀರಾ?

ಬೇಸರವಾದರೆ ಇನ್ನೊಂದು ಪತ್ರ ಬರೆದು ಬೈಯಿರಿ, ಅಚ್ಚು ಹಾಕುತ್ತೇನೆ. ಈ ಪತ್ರದ ಎರಡನೇ ಹಾಳೆಯಲ್ಲಿ ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್ ಇತ್ತು. ಅದನ್ನು ಫೈಲಿಗೆ ಸೇರಿಸಲಿಲ್ಲ. ಹರಿದು ಹಾಕಿದ್ದೇನೆ.