ಲಾರಿಯ ಸೈಲೆನ್ಸರ್ ನಾವೇ ಬದಲಿಸಬಹುದೇ?

ಪ್ರಶ್ನೆ: ನಮ್ಮ ಹಳೆಯ ಡೀಸೆಲ್ ಲಾರಿಯ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿದೆ. ಹಿಂದಿನ ಪೈಪೂ ಕೈಯಲ್ಲಿ ಒತ್ತಿದರೆ ಉದುರುವಂತಿದೆ. ಸ್ಪ್ಯಾನರ್ ಕೆಲಸ ಗೊತ್ತಿದೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲು ಅದು ಬರೀ ಸೈಲೆನ್ಸರ್ ಹೌದೋ ಅಲ್ಲವೋ ನೋಡಿ. ಡಬ್ಬಿಗೆ ಸೆನ್ಸರ್ ವೈರುಗಳು ಬಂದು ಸೇರಿದ್ದರೆ, ಪಕ್ಕದಲ್ಲಿ ಯೂರಿಯಾ ದ್ರಾವಣದ ಟ್ಯಾಂಕ್ ಇದ್ದರೆ, ಅದು ಹೊಗೆಯನ್ನು ಶುದ್ಧಿ ಮಾಡುವ ಘಟಕ. ಅದನ್ನು ಮುಟ್ಟಬೇಡಿ. ಆ ಜಾಗಕ್ಕೆ ಸಾದಾ ಡಬ್ಬಿ ಕೂರಿಸಿದರೆ ಇಂಜಿನ್ ದೋಷ ತೋರಿಸುತ್ತದೆ, ಎಷ್ಟೋ ಗಾಡಿಗಳಲ್ಲಿ ಎಳೆತವೂ ಇಳಿಯುತ್ತದೆ. ಮುಂದೆ ಹೇಳುವುದೆಲ್ಲ ಸಾದಾ ಸೈಲೆನ್ಸರಿಗೆ.

ಈ ಕೆಲಸದಲ್ಲಿ ಹೆಚ್ಚು ಹೊತ್ತು ತಿನ್ನುವುದು ತುಕ್ಕು ಹಿಡಿದ ಬೋಲ್ಟುಗಳು. ಹಿಂದಿನ ರಾತ್ರಿಯೇ ಎಲ್ಲ ನಟ್ಟುಗಳಿಗೂ ತುಕ್ಕು ಸಡಿಲಿಸುವ ಎಣ್ಣೆ ಬಿಡಿ. ಮರುದಿನ ಇಂಜಿನ್ ಪೂರ್ತಿ ತಣ್ಣಗಿರುವಾಗ ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು ಗಾಡಿಯ ಕೆಳಗೆ ಹೋಗಿ. ಗಾಡಿ ಎತ್ತಬೇಕಾದರೆ ಸ್ಟ್ಯಾಂಡ್ ಕೊಡಿ, ಜಾಕ್ ಒಂದನ್ನೇ ನಂಬಬೇಡಿ. ನಟ್ ಬಿಗಿ ಹಿಡಿದಿದ್ದರೆ ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೇ ತಿರುಗಿಸಿ, ಆಮೇಲೆ ಬಿಚ್ಚಿ. ಸೈಲೆನ್ಸರ್ ಕಡೆಯ ಬೋಲ್ಟುಗಳನ್ನು ಗ್ರೈಂಡರಿನಿಂದ ಕತ್ತರಿಸಿದರೂ ನಷ್ಟವಿಲ್ಲ, ಹೇಗೂ ಹೊಸದು ಹಾಕುತ್ತೀರಿ. ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವ ಘಟಕ) ಅಥವಾ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆ ಒಟ್ಟು ಸೇರುವ ಕವಲು ಪೈಪ್) ಕಡೆಯ ಸ್ಟಡ್ (ತಲೆಯಿಲ್ಲದ ಬೋಲ್ಟ್) ಮಾತ್ರ ಮುರಿಯಬಾರದು. ಮುರಿದರೆ ಡ್ರಿಲ್ ಹೊಡೆದು ತೆಗೆಯಬೇಕು, ಅರ್ಧ ದಿನದ ಕೆಲಸ ಎರಡು ದಿನಕ್ಕೆ ಹೋಗುತ್ತದೆ. ಮುಂದಿನ ಪೈಪ್ ಗಟ್ಟಿಯಿದ್ದರೆ ಆ ಜಾಯಿಂಟನ್ನು ಬಿಚ್ಚದಿರುವುದೇ ಜಾಣತನ. ಬೆಂಕಿ ಹಚ್ಚಿ ಬಿಚ್ಚುವ ಯೋಚನೆ ಬೇಡ: ಡೀಸೆಲ್ ಟ್ಯಾಂಕ್, ವೈರು, ಏರ್ ಬ್ರೇಕಿನ ನೈಲಾನ್ ಪೈಪ್ ಎಲ್ಲವೂ ಅಲ್ಲೇ ಹತ್ತಿರ ಇರುತ್ತವೆ. ಗ್ರೈಂಡರ್ ಕಿಡಿಗೂ ಇದೇ ಎಚ್ಚರ ಬೇಕು.

ಬಿಚ್ಚುವುದು ಹಿಂದಿನಿಂದ ಮುಂದಕ್ಕೆ. ಸೈಲೆನ್ಸರನ್ನು ಹಿಡಿದಿರುವ ಪಟ್ಟಿ ಬಿಚ್ಚುವ ಮೊದಲು ಅದರ ಕೆಳಗೆ ಜಾಕ್ ಮತ್ತು ಹಲಗೆ ಕೊಡಿ, ಜೊತೆಗೊಬ್ಬರು ಇರಲಿ. ಹಳೆಯ ಪೈಪಿನ ಹೊರ ವ್ಯಾಸವನ್ನು ತುಕ್ಕು ಕೆರೆದ ಮೇಲೆ ವರ್ನಿಯರ್‌ನಲ್ಲಿ ಅಳೆದು ಅದಕ್ಕೇ ಹೊಂದುವ ಪೈಪ್ ತನ್ನಿ. ಪ್ಯಾಕಿಂಗ್ (ಜಾಯಿಂಟಿನ ನಡುವೆ ಕೂರುವ ಗ್ಯಾಸ್ಕೆಟ್), ಕ್ಲಾಂಪ್, ಹ್ಯಾಂಗರ್ ರಬ್ಬರ್ (ಪೈಪನ್ನು ತೂಗುಹಾಕುವ ರಬ್ಬರ್) ಎಲ್ಲ ಹೊಸದೇ ಇರಲಿ.

ಕೂರಿಸುವುದು ಮುಂದಿನಿಂದ ಹಿಂದಕ್ಕೆ, ಎಲ್ಲವನ್ನೂ ಸಡಿಲವಾಗಿ. ಡಬ್ಬಿಯ ಮೇಲಿನ ಬಾಣದ ಗುರುತು ಹೊಗೆ ಹೋಗುವ ದಿಕ್ಕಿಗಿರಲಿ. ಸಾಲು ನೇರವಾಗಿ, ತನ್ನ ತೂಕವನ್ನು ಹ್ಯಾಂಗರುಗಳ ಮೇಲೇ ಬಿಟ್ಟು ನಿಂತ ಮೇಲಷ್ಟೇ ಮುಂದಿನಿಂದ ಬಿಗಿಯುತ್ತ ಬನ್ನಿ. ಎಳೆದು ಕೂರಿಸಿದ ಪೈಪ್ ಒಂದಲ್ಲ ಒಂದು ದಿನ ಫ್ಲ್ಯಾಂಜಿನ (ಪೈಪಿನ ತುದಿಯಲ್ಲಿ ಬೋಲ್ಟ್ ಹಾಕುವ ಅಂಚುಪಟ್ಟಿಯ) ಬುಡದಲ್ಲಿ ಸೀಳುತ್ತದೆ. ಇಂಜಿನ್ ತನ್ನ ರಬ್ಬರುಗಳ ಮೇಲೆ ಅಲುಗುತ್ತದೆ, ಸೈಲೆನ್ಸರ್ ಚಾಸಿಗೆ ಕಟ್ಟಿರುತ್ತದೆ. ಈ ಎರಡರ ಜಗ್ಗಾಟ ತಡೆಯುವುದು ನಡುವಿನ ಸುರುಳಿ ಪೈಪ್. ಅದು ಜಗ್ಗಿಯೂ ಇರಬಾರದು, ಕುಗ್ಗಿಯೂ ಇರಬಾರದು. ಬ್ರೇಕ್ ಪೈಪು, ವೈರುಗಳಿಂದ ಕನಿಷ್ಠ ಮೂರು ಬೆರಳು ಅಂತರ ಬಿಡಿ. ಲೋಡ್ ಬಿದ್ದಾಗ ಆಕ್ಸಲ್ ಎಷ್ಟು ಮೇಲೇರುತ್ತದೆಂಬುದನ್ನೂ ಲೆಕ್ಕ ಹಾಕಿ.

ಪ್ರಶ್ನೆ: ಯು-ಕ್ಲಾಂಪ್ ಎಷ್ಟು ಬಿಗಿದರೂ ಜಾಯಿಂಟಿನಿಂದ ಹೊಗೆ ಬರುತ್ತದೆ.

ಉತ್ತರ: ಇನ್ನೂ ಬಿಗಿಯಬೇಡಿ. ಪೈಪ್ ಅಮುಕಿ ಮೊಟ್ಟೆಯಾಕಾರಕ್ಕೆ ತಿರುಗಿದರೆ ಸೋರಿಕೆ ಹೆಚ್ಚುತ್ತದೆ, ಮುಂದೊಮ್ಮೆ ಬಿಚ್ಚುವುದೂ ಕಷ್ಟ. ಹೊರಪೈಪಿನ ಬಾಯಲ್ಲಿ ಬಿಗಿಯಲೆಂದು ಕೊಟ್ಟ ಸೀಳು ಇದ್ದರೆ ಒಳಪೈಪ್ ಆ ಸೀಳಿನ ತುದಿ ದಾಟಿ ಒಳಗೆ ಹೋಗಿರಬೇಕು, ಒಟ್ಟು 40–50 ಮಿ.ಮೀ. ಇದ್ದರೆ ಒಳ್ಳೆಯದು. ಹೆಚ್ಚಿನವರಲ್ಲಿ ತಪ್ಪುವುದು ಇಲ್ಲೇ. ಯು-ಕ್ಲಾಂಪ್ ಬದಲು ಅಗಲ ಪಟ್ಟಿಯ ಕ್ಲಾಂಪ್ ಹಾಕಿದರೆ ಸುತ್ತಲೂ ಒಂದೇ ಸಮ ಹಿಡಿಯುತ್ತದೆ. ಇಂಜಿನ್ ಇನ್ನೂ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಜಾಯಿಂಟಿಗೆ ಸೋಪು ನೀರು ಹಚ್ಚಿ ನೋಡಿ, ಗುಳ್ಳೆ ಎದ್ದ ಕಡೆ ಸೋರುತ್ತಿದೆ. ಸ್ವಲ್ಪ ದಿನ ಓಡಿದ ಮೇಲಾದರೆ ಜಾಯಿಂಟಿನಿಂದ ಹೊರಟ ಕಪ್ಪು ಮಸಿಯ ಗೆರೆಯೇ ಜಾಗ ತೋರಿಸುತ್ತದೆ. ಕ್ಯಾಬಿನ್ ಕೆಳಗಿನ ಸೋರಿಕೆಯನ್ನು ನಾಳೆಗೆ ಬಿಡಬೇಡಿ. ಇಂಜಿನ್ ಓಡಿಸಿ ಒಳಗೆ ಮಲಗುವ ಚಾಲಕರಿಗೆ ಅದರ ಇಂಗಾಲದ ಮಾನಾಕ್ಸೈಡ್ ಪ್ರಾಣಕ್ಕೇ ಅಪಾಯ.

ಪ್ರಶ್ನೆ: ಹೊಸ ಸೈಲೆನ್ಸರ್ ಹಾಕಿದ ದಿನವೇ ಹೊಗೆ, ವಾಸನೆ. ಏನಾದರೂ ಕೆಟ್ಟಿದೆಯೇ?

ಉತ್ತರ: ಪೈಪಿನ ಮೇಲಿನ ಎಣ್ಣೆ, ಬಣ್ಣ ಸುಡುವ ವಾಸನೆ ಅದು. ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತದೆ. ಒಂದೆರಡು ಟ್ರಿಪ್ ಆದ ಮೇಲೆ, ಪೈಪ್ ತಣಿದಾಗ, ಎಲ್ಲ ಕ್ಲಾಂಪುಗಳಿಗೂ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.

ಪ್ರಶ್ನೆ: ಹೊಸ ಪೈಪಿಗೆ ವೆಲ್ಡಿಂಗ್ ಮಾಡಿಸಬಹುದೇ?

ಉತ್ತರ: ಮಾಡಿಸಬಹುದು. ಮೊದಲು ಬ್ಯಾಟರಿ ಬಿಚ್ಚಿಸಿ, ಅರ್ಥಿಂಗ್ ಕ್ಲಿಪ್ಪನ್ನು ಬೆಸುಗೆಯ ಪಕ್ಕದಲ್ಲೇ ಕೊಡಿಸಿ. ಸುರುಳಿ ಪೈಪಿನ ಮೇಲೆ ಮಾತ್ರ ಬೆಸುಗೆ ಬೇಡ, ಅದು ಅಲ್ಲೇ ಒಡೆಯುತ್ತದೆ.